ಊಟದ ನಂತರ ಎರಡು ಚಮಚ

ಗ್ಲಾಸನ್ನು ಮೂಗಿನ ಹತ್ತಿರ ತಂದಾಗಲೇ ಗೊತ್ತಾಗಿಹೋಯಿತು. ನೆನೆಸಿಟ್ಟ ಒಣದ್ರಾಕ್ಷಿ, ತಳ ಹಿಡಿದ ಬೆಲ್ಲದ ಪಾಕ, ಅದರ ಹಿಂದೆಯೇ ಮೂಗಿನೊಳಗೆ ಚುರ್ರೆನ್ನುವ ಒಂದು ಹುಳಿ. ಜೆ.ಪಿ. ನಗರದಲ್ಲಿ, ಬಿಯರನ್ನು ಅಲ್ಲೇ ತಯಾರಿಸಿ ಕೊಡುವ ಒಂದು ಹೋಟೆಲಿನ ಮೇಲಿನ ಮಹಡಿಯಲ್ಲಿ ಕೂತಿದ್ದೆ. ಎದುರಿಗೆ ಆಳೆತ್ತರದ ಹಂಡೆಗಳು ಫಳಫಳ ಹೊಳೆಯುತ್ತಿದ್ದವು. ನನಗೆ ಕಂಡದ್ದು ಮಾತ್ರ ಬನಶಂಕರಿ ಎರಡನೇ ಹಂತದ ನಮ್ಮ ಹಳೆಯ ಮನೆಯ ಕಾಂಪೌಂಡು ಗೋಡೆ.

ಕರೆದುಕೊಂಡು ಹೋದವಳು ನನ್ನ ತಂಗಿಯ ಮಗಳು. ಅವಳಿಗೆ ಕೆಲಸದಲ್ಲಿ ಬಡ್ತಿ ಸಿಕ್ಕಿತ್ತು, ಆ ಖುಷಿಗೆ ಭಾನುವಾರ ಮಧ್ಯಾಹ್ನದ ಊಟ. ನಾನು ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ನನಗೆ ಲೋಕ ತೋರಿಸುವ ಹೊಣೆಯನ್ನು ಅವಳು ತಾನಾಗಿಯೇ ಹೊತ್ತುಕೊಂಡಿದ್ದಾಳೆ. ಅಲ್ಲಿ ಮೊದಲು ರುಚಿ ನೋಡಲೆಂದು ಪುಟ್ಟ ಗ್ಲಾಸುಗಳಲ್ಲಿ ತಂದಿಡುತ್ತಾರೆ. ಗೋಧಿಯದ್ದು ಬಂತು, ಮಾವಿನಹಣ್ಣಿನದ್ದು ಬಂತು, ಕೊನೆಗೆ ಕಾಫಿ ಡಿಕಾಕ್ಷನ್ನಿನಂತೆ ಕಪ್ಪಗಿದ್ದ ಇದು ಬಂತು.

"ಇದು ನಮ್ಮ ಸ್ಪೆಷಲ್ ಮೇಡಂ. ದ್ರಾಕ್ಷಿ, ಅಂಜೂರ, ಖರ್ಜೂರ ಎಲ್ಲಾ ಹಾಕಿರ್ತಾರೆ. ಸ್ವಲ್ಪ ಸ್ಟ್ರಾಂಗು, ನಿಧಾನಕ್ಕೆ ತಗೊಳ್ಳಿ" ಎಂದ ತಂದಿಟ್ಟವನು.

"ಒಂದು ಗುಟುಕು ತಗೋ ದೊಡ್ಡಮ್ಮ, ಏನೂ ಆಗಲ್ಲ" ಎಂದಳು ಇವಳು.

ತಗೊಂಡೆ. ಮೊದಲು ಸಿಹಿ, ನಾಲಿಗೆಯ ಮೇಲೆ ಕೂತು ಏಳದ ಅಂಜೂರದ ಸಿಹಿ. ಆಮೇಲೆ ಹುರಿದ ಕಾಫಿಬೀಜದ ಕಹಿ. ನುಂಗಿದ ಮೇಲೆ ಗಂಟಲಿನಿಂದ ಎದೆಗೆ ಇಳಿಯುವ ಬಿಸಿ. ಬಿಯರನ್ನು ಹಿಂದೆ ಒಂದೆರಡು ಸಲ ರುಚಿ ನೋಡಿದ್ದೆ, ನೀರುನೀರಾಗಿ ಏನೂ ಅನ್ನಿಸಿರಲಿಲ್ಲ. ಇದು ಹಾಗಲ್ಲ. ಈ ರುಚಿ ನನಗೆ ಹಳೆಯದು. ಒಮ್ಮೆ ಜ್ವರ ಬಂದು ಎದ್ದಾಗ ಪಕ್ಕದಮನೆ ಆಂಟಿ ಗೋಡೆಯಾಚೆಯಿಂದಲೇ ನನಗೆ ಇದನ್ನು ಎರಡು ಚಮಚ ಕುಡಿಸಿದ್ದರು. ಅವರ ಮನೆಯಲ್ಲಿ ಇದರ ಹೆಸರು ದ್ರಾಕ್ಷಾರಿಷ್ಟ.

"ಹೇಗಿದೆ?"

"ಔಷಧಿ ಥರ ಇದೆ" ಅಂದೆ. ತಂಗಿಯ ಮಗಳು ಬಿದ್ದು ಬಿದ್ದು ನಕ್ಕಳು.

ದ್ರಾಕ್ಷಾರಿಷ್ಟವನ್ನು ಈಗಿನವರು ಕಂಡಿರಲಿಕ್ಕಿಲ್ಲ. ದ್ರಾಕ್ಷಿಯ ಕಷಾಯವನ್ನು ಬೆಲ್ಲದ ಜೊತೆ ವಾರಗಟ್ಟಲೆ ಹುದುಗಿಸಿ ಮಾಡುವ ಆಯುರ್ವೇದದ ಔಷಧಿ. ಹುದುಗಿದ್ದರಲ್ಲಿ ಏನು ಹುಟ್ಟುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಸೀಸೆಯ ಮೇಲೆ ಧನ್ವಂತರಿಯ ಚಿತ್ರ ಅಂಟಿಸಿದ್ದರೆ ನಮ್ಮ ಜನ ಕೇಳುವ ಗೋಜಿಗೆ ಹೋಗುವುದಿಲ್ಲ.

ಆಂಟಿಗೆ ಕ್ರಿಕೆಟ್ಟಿನ ಹುಚ್ಚು. ಟೆಸ್ಟ್ ಮ್ಯಾಚ್ ಇದ್ದ ದಿನ ಅಡುಗೆಮನೆಯ ಕಿಟಕಿಯಲ್ಲಿ ರೇಡಿಯೋ ಇಟ್ಟುಕೊಂಡು ಕಾಮೆಂಟರಿ ಕೇಳುತ್ತ ಹುರುಳಿಕಾಯಿ ಹೆಚ್ಚುತ್ತಿದ್ದರು. ಯಾರಾದರೂ ಕೆಟ್ಟದಾಗಿ ಔಟಾದರೆ ನೇರವಾಗಿ ಗೋಡೆಯ ಹತ್ತಿರ ಬಂದು "ನೋಡೇ ಪುಟ್ಟಿ, ಹೊರಗೆ ಹೋಗೋ ಬಾಲಿಗೆ ಬ್ಯಾಟ್ ಹಾಕಿದಾನೆ ಮುಂಡೇದು!" ಎಂದು ನನ್ನ ಹತ್ತಿರ ದೂರುತ್ತಿದ್ದರು. ನಾನಾಗ ಬ್ಯಾಂಕಿಗೆ ಸೇರಿದ ಹೊಸತು. ಶನಿವಾರ ಮಧ್ಯಾಹ್ನ ಮನೆಗೆ ಬಂದರೆ ಸೀರೆ ಕೂಡ ಬದಲಾಯಿಸದೆ ಗೋಡೆಯ ಹತ್ತಿರ ನಿಲ್ಲುತ್ತಿದ್ದೆ. ಅಮ್ಮನ ಹತ್ತಿರ ಆಡಲಾಗದ ಮಾತುಗಳನ್ನೆಲ್ಲ ನಾನು ಆಡಿದ್ದು ಆಂಟಿಯ ಹತ್ತಿರ. ಮದುವೆ ಬೇಡ ಅಂತ ಮೊದಲು ಹೇಳಿದ್ದೂ ಅವರಿಗೇ. "ಬೇಡ ಅಂದ್ರೆ ಬೇಡ ಅನ್ನು, ಗಟ್ಟಿಯಾಗಿ ಅನ್ನು" ಎಂದಿದ್ದರು.

ಬೇರೆಯವರಿಗೆ ಕೊಟ್ಟ ಈ ಬುದ್ಧಿಯನ್ನು ತಾವು ಇಟ್ಟುಕೊಳ್ಳಲಿಲ್ಲ.

ನಾವು ಆ ಬೀದಿಗೆ ಬರುವುದಕ್ಕೆ ಮೊದಲೇ ಅವರಿಗೆ ಒಂದು ಮಗು ಹುಟ್ಟಿ ಆಸ್ಪತ್ರೆಯಲ್ಲೇ ಹೋಗಿತ್ತಂತೆ. ಆಮೇಲೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಶ್ರೀನಗರದ ಒಬ್ಬ ಪಂಡಿತರು ನಾಡಿ ನೋಡಿ, ಊಟದ ನಂತರ ಎರಡು ಚಮಚ ದ್ರಾಕ್ಷಾರಿಷ್ಟ, ಅಷ್ಟೇ ನೀರು ಬೆರೆಸಿ, ಎಂದು ಹೇಳಿದರು. ಬಾಣಂತಿಯರಿಗೆ ಅರಿಷ್ಟ ಕೊಡುವುದು ನಮ್ಮ ಮನೆಗಳಲ್ಲಿ ಹೊಸತೇನಲ್ಲ. ನಿದ್ದೆ ಬಂತು, ಊಟವೂ ಸೇರಿತು. ಕೆಲವು ತಿಂಗಳಾದ ಮೇಲೆ ಆಂಟಿ ಚಮಚ ಬಿಟ್ಟು ಬೆಳ್ಳಿಯ ಒಳಲೆಯಲ್ಲಿ ಅಳೆಯತೊಡಗಿದರು. ಕೂಸಿಗೆ ಹಾಲು ಕುಡಿಸಲೆಂದು ತವರಿನವರು ತಂದ ಒಳಲೆ ಅದು. ನಾನು ಅವರನ್ನು ಕಂಡಾಗ ಒಳಲೆಯ ಕಾಲವೂ ಮುಗಿದಿತ್ತು. ಅದು ಸುಮ್ಮನೆ ಕಿಟಕಿಯ ಮೇಲೆ ಕೂತಿರುತ್ತಿತ್ತು, ಕುಡಿಯುವುದು ಲೋಟದಲ್ಲಿ. ನೀರು ಬೆರೆಸುವ ಪದ್ಧತಿ ಯಾವಾಗ ನಿಂತಿತೋ...

ಬೆಳಗಿನ ಆಂಟಿಯೇ ಬೇರೆ, ಮಧ್ಯಾಹ್ನದ ಆಂಟಿಯೇ ಬೇರೆ. ಬೆಳಿಗ್ಗೆ ರಂಗೋಲಿ ಇಡುವಾಗ ಗೆರೆ ನಡುಗುತ್ತಿತ್ತು, ಮಾತಾಡಿಸಿದರೆ ಹೂಂ ಉಹೂಂ ಅಷ್ಟೇ. ಮಧ್ಯಾಹ್ನ ಮುಖ ಅರಳಿ, ದನಿ ಏರಿ, ಹೇಳಿದ್ದನ್ನೇ ಮತ್ತೆ ಹೇಳುತ್ತ ನಗುತ್ತಿದ್ದರು. ಸಂಜೆ ಅವರ ಗಂಡ ಆಫೀಸಿನಿಂದ ಬರುವಾಗ ಚೀಲದಲ್ಲಿ ಟಿಫನ್ ಡಬ್ಬಿಯ ಜೊತೆ ಸೀಸೆಗಳು ಕಿಣಿಕಿಣಿ ಅನ್ನುತ್ತಿದ್ದವು. ತಂದುಕೊಡುತ್ತಿದ್ದವರು ಅವರೇ.

ಅವರನ್ನು ಬೀದಿಯಲ್ಲಿ ಎಲ್ಲರೂ ‘ಸಾರ್’ ಅಂತಲೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಬಡಾವಣೆಯ ಸಂಘಕ್ಕೆ ಕಾರ್ಯದರ್ಶಿ. ಕುಡಿಯುತ್ತಾನೆಂದು ಸ್ವಂತ ತಮ್ಮನನ್ನೇ ಮನೆಯ ಮೆಟ್ಟಿಲು ಹತ್ತಿಸದ ಮನುಷ್ಯ. ಹೆಂಡತಿಗೆ ಹೊಡೆದವರಲ್ಲ, ಬೈದವರಲ್ಲ, ಔಷಧಿಗೆ ಒಂದು ದಿನವೂ ತಪ್ಪಿಸಿದವರಲ್ಲ. ಅದಕ್ಕಿಂತ ನಾಲ್ಕು ಏಟು ಹಾಕಿದ್ದರೇ ವಾಸಿಯಿತ್ತೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ತಪ್ಪು ಮಾತು, ಗೊತ್ತು. ಆದರೂ ಅನ್ನಿಸುತ್ತದೆ.

ಒಂದು ವರ್ಷ ನಮ್ಮ ಬಸ್‌ ಸ್ಟಾಪಿನ ಮೂಲೆಯಲ್ಲಿ ಒಂದು ವೈನ್ ಸ್ಟೋರ್ ತೆರೆಯುತ್ತಾರೆಂದು ಸುದ್ದಿ ಬಂತು. ಸಾರ್ ಕೆರಳಿದರು. ಒಂದು ಭಾನುವಾರ ಮುಚ್ಚಿದ ಷಟರಿನ ಎದುರು ಶಾಮಿಯಾನ ಹಾಕಿಸಿ ಧರಣಿ ಇಟ್ಟರು. ಹೆಂಗಸರೆಲ್ಲ ಮುಂದಿನ ಸಾಲಿನಲ್ಲಿ ಕೂರಬೇಕು, ಆಗಲೇ ಪೇಪರಿನವರು ಫೋಟೋ ತೆಗೆಯುತ್ತಾರೆ ಎಂದರು. ಆಂಟಿ ಮಧ್ಯದಲ್ಲಿ, ನಾನು ಅವರ ಪಕ್ಕ. ಆಂಟಿಯ ಕೈಯಲ್ಲಿ ಒಂದು ರಟ್ಟು, ಅದರ ಮೇಲೆ ಕೆಂಪು ಅಕ್ಷರದಲ್ಲಿ ‘ಕುಡಿತ ಬಿಡಿ, ಸಂಸಾರ ಉಳಿಸಿ’.

ಬಿಸಿಲೇರಿದಂತೆ ಆ ರಟ್ಟು ಅಲುಗಾಡತೊಡಗಿತು. ಮೊದಲು ಗಾಳಿಗೆ ಅಂದುಕೊಂಡೆ, ಗಾಳಿ ಇರಲಿಲ್ಲ. ಆಂಟಿಯ ಹಣೆಯಲ್ಲಿ ಬೆವರು ಸುರಿಯುತ್ತಿತ್ತು, ತುಟಿ ಬಿಳಿಚಿಕೊಂಡಿತ್ತು. "ಆಂಟಿ, ಏನಾಗ್ತಿದೆ?" ಅಂದೆ. "ಏನಿಲ್ಲ ಪುಟ್ಟಿ, ಬೆಳಿಗ್ಗೆಯಿಂದ ತಗೊಂಡಿಲ್ಲ ನೋಡು" ಎಂದರು. ಸಾರ್ ನೋಡಿದರು. ಭಾಷಣವನ್ನು ಬೇರೆಯವರಿಗೆ ವಹಿಸಿ ದಾಪುಗಾಲಲ್ಲಿ ಮನೆಗೆ ಹೋದವರು, ತಟ್ಟೆ ಮುಚ್ಚಿದ ದೊಡ್ಡ ಸ್ಟೀಲ್ ಲೋಟ ಹಿಡಿದು ಬಂದರು. ಆಂಟಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ಅಷ್ಟು ಜನರ ನಡುವೆ, ಹೆಂಡದಂಗಡಿಯ ಬಾಗಿಲಿಗೆ ಮುಖ ಮಾಡಿ, ಒಂದೇ ಉಸಿರಿಗೆ ಕುಡಿದು ಮುಗಿಸಿದರು.

ಆಗ ನನಗೆ ಹೊಡೆದ ವಾಸನೆಯೇ ಮೊನ್ನೆ ಆ ಪುಟ್ಟ ಗ್ಲಾಸಿನಿಂದ ಎದ್ದದ್ದು.

"ಪಾಪ, ಔಷಧಿ ಟೈಮ್ ತಪ್ಪಿಹೋಗಿತ್ತು" ಎಂದು ಹಿಂದೆ ಕೂತವರೊಬ್ಬರು ಲೊಚಗುಟ್ಟಿ, ತಮ್ಮ ರಟ್ಟಿನಿಂದ ಆಂಟಿಗೆ ಗಾಳಿ ಬೀಸಿದರು. ಸ್ವಲ್ಪ ಹೊತ್ತಿಗೆ ಆಂಟಿಯ ಕೆನ್ನೆಗೆ ಬಣ್ಣ ಬಂತು, ಕೈಯ ನಡುಕ ನಿಂತಿತು. ಆಮೇಲೆ ‘ಕುಡಿತಕ್ಕೆ ಧಿಕ್ಕಾರ’ ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವರು ಅವರೇ. ಅಂಗಡಿ ಅಲ್ಲಿ ತೆರೆಯಲಿಲ್ಲ. ಸಾರ್‌ಗೆ ಹಾರ ಹಾಕಿದರು.

ಮನೆಗೆ ಬಂದು ಅಮ್ಮನನ್ನು ಕೇಳಿದೆ. ನಮ್ಮಮ್ಮನಿಗೆ ಗೊತ್ತಿತ್ತು, ಬೀದಿಗೆಲ್ಲ ಗೊತ್ತಿತ್ತು. "ಔಷಧಿ ಕಣೆ ಅದು. ಔಷಧೀನ ಬಿಡಿ ಅಂತ ಹೇಳೋಕಾಗುತ್ತಾ ಯಾರಿಗಾದ್ರೂ? ಹೇಳಿದ್ರೆ ಏನು ಅರ್ಥ ಬರುತ್ತೆ, ಯೋಚನೆ ಮಾಡು" ಎಂದರು. ಆ ಅರ್ಥಕ್ಕೆ ಹೆದರಿ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಕಂಡವರ ಸೊಸೆಯ ಕುಪ್ಪಸದ ಕತ್ತು ಎಷ್ಟು ಇಳಿದಿದೆ ಎಂದು ಅಳೆಯಲು ಮಾತ್ರ ಈ ಬಾಯಿಗಳಿಗೆ ಬೀಗ ಇರಲಿಲ್ಲ.

ಒಂದೆರಡು ವರ್ಷದಲ್ಲಿ ಆಂಟಿಯ ಕಣ್ಣು ಹಳದಿಯಾಯಿತು, ಕಾಲು ಊದಿಕೊಂಡಿತು, ಹೊಟ್ಟೆ ಉಬ್ಬಿತು. ಜಯನಗರದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದರು. ನಾನು ಬ್ಯಾಂಕಿಗೆ ಹೋಗುವ ದಾರಿಯಲ್ಲಿ ಫ್ಲಾಸ್ಕಿನಲ್ಲಿ ಗಂಜಿ ತೆಗೆದುಕೊಂಡು ಹೋಗಿದ್ದೆ. ಡಾಕ್ಟರು ರಿಪೋರ್ಟುಗಳನ್ನು ತಿರುವಿ ಹಾಕಿ, ದನಿ ತಗ್ಗಿಸಿ ಸಾರ್ ಅವರನ್ನು ಕೇಳಿದರು, "ಇವರು ಡ್ರಿಂಕ್ಸ್ ಏನಾದ್ರೂ ತಗೋತಾರಾ?"

ಸಾರ್ ಮುಖ ಕೆಂಪಾಯಿತು. "ಏನು ಮಾತಾಡ್ತಿದೀರ ಡಾಕ್ಟ್ರೇ? ನಮ್ಮನೇಲಿ ಈರುಳ್ಳಿ ಕೂಡ ತರಲ್ಲ."

ಡಾಕ್ಟರು ಪೆನ್ನು ಮುಚ್ಚುವುದರಲ್ಲಿದ್ದರು. ನಾನು ಹೇಳಿಬಿಟ್ಟೆ. "ದ್ರಾಕ್ಷಾರಿಷ್ಟ ಕುಡೀತಾರೆ ಡಾಕ್ಟ್ರೇ. ಲೋಟಗಟ್ಟಲೆ. ದಿನಾ. ಅದಿಲ್ದೆ ಹೋದ್ರೆ ಕೈ ನಡುಗುತ್ತೆ."

ಸಾರ್ ನನ್ನತ್ತ ತಿರುಗಲೂ ಇಲ್ಲ. ಡಾಕ್ಟರು ಆಂಟಿಯ ಕಡೆ ಬಗ್ಗಿ "ಹೌದೇನಮ್ಮ?" ಎಂದರು. ಆಂಟಿ ಗಂಡನ ಮುಖ ನೋಡಿದರು, ಆಮೇಲೆ ನನ್ನ ಮುಖ. ಈಗ ಹೌದು ಅಂದುಬಿಡಿ ಆಂಟಿ, ಗಟ್ಟಿಯಾಗಿ ಅಂದುಬಿಡಿ ಎಂದು ನಾನು ಫ್ಲಾಸ್ಕನ್ನು ಅವುಚಿಕೊಂಡು ನಿಂತಿದ್ದೆ.

"ಆ ಹುಡುಗಿಗೆ ಏನೂ ಗೊತ್ತಿಲ್ಲ ಡಾಕ್ಟ್ರೇ" ಎಂದರು. "ಊಟ ಆದ್ಮೇಲೆ ಎರಡು ಚಮಚ. ಅದೂ ಯಾವಾಗ್ಲಾದ್ರೂ."

ಆ ಹುಡುಗಿ. ಅಲ್ಲಿಯವರೆಗೆ ನಾನು ಪುಟ್ಟಿ.

ಅದನ್ನೂ ನಿಲ್ಲಿಸಿ ಎಂದು ಹೇಳಿ ಡಾಕ್ಟರು ಮುಂದಿನ ರೂಮಿಗೆ ಹೋದರು. ಎರಡು ಚಮಚದ ಬಗ್ಗೆ ಅದಕ್ಕಿಂತ ಹೆಚ್ಚು ಹೇಳಲು ಅವರಿಗೇನೂ ಇರಲಿಲ್ಲ. ಆಂಟಿ ಮನೆಗೆ ಬಂದರು, ಕೈ ನಡುಗಿತು, ಸಂಜೆ ಚೀಲದಲ್ಲಿ ಸೀಸೆಗಳು ಮತ್ತೆ ಕಿಣಿಕಿಣಿ ಅಂದವು. ನಮ್ಮ ಮನೆಯಲ್ಲಿ ನನಗೆ ಮಂಗಳಾರತಿಯಾಯಿತು. "ನಿನಗ್ಯಾಕೆ ಬೇಕಿತ್ತು ಊರ ಉಸಾಬರಿ? ಮರ್ಯಾದಸ್ಥರ ಮನೆ ಹೆಂಗಸನ್ನ ಕುಡುಕಿ ಅಂದ್ಯಲ್ಲ!" ನಾನು ಆ ಮಾತನ್ನು ಆಡಿರಲೇ ಇಲ್ಲ. ಆಡಿದವರು ಅಮ್ಮ.

ಗೋಡೆಯಾಚೆ ಅಡುಗೆಮನೆಯ ಕಿಟಕಿ ಮುಚ್ಚಿತು. ಆದರೂ ರೇಡಿಯೋ ಸಣ್ಣಗೆ ಕೇಳುತ್ತಿತ್ತು. ಒಂದು ಶನಿವಾರ ಮ್ಯಾಚು ಬಿಗಿಯಾಗಿತ್ತು, ಕಾಮೆಂಟರಿಯವನ ದನಿ ಏರುತ್ತಿತ್ತು. ನಾನು ಗೋಡೆಯ ಹತ್ತಿರ ಹೋಗಿ ನಿಂತೆ. ಒಳಗೆ ಅವರು ಕೆಮ್ಮಿದ್ದು ಕೇಳಿಸಿತು. "ಆಂಟಿ, ಸ್ಕೋರೆಷ್ಟು?" ಅಂದೆ.

ರೇಡಿಯೋ ಆಫ್ ಆಯಿತು.

ಮಳೆಗಾಲ ಮುಗಿಯುವುದರೊಳಗೆ ಅವರು ಹೋದರು. "ಒಂದು ತೊಟ್ಟು ಮುಟ್ಟದವಳಿಗೆ ಲಿವರ್ ಕಾಯಿಲೆ ಬಂತಲ್ಲ, ಎಂಥ ಅನ್ಯಾಯ" ಎಂದು ಹೆಂಗಸರು ಬಾಗಿಲಲ್ಲಿ ಕಣ್ಣೊರೆಸಿಕೊಂಡರು. ಸಾರ್ ಹೌದೆಂದು ತಲೆಯಾಡಿಸಿದರು. ಸುಳ್ಳು ಹೇಳುತ್ತಿದ್ದೇನೆ ಅನ್ನುವ ಅಳುಕು ಅವರ ಮುಖದಲ್ಲಿ ಇರಲಿಲ್ಲ, ನಾನು ಹುಡುಕಿದೆ. ಬೆಳ್ಳಿಯ ಒಳಲೆಯನ್ನು ತೊಳೆಸಿ ಯಾರೋ ಬಾಣಂತಿಗೆ ಕೊಟ್ಟರಂತೆ.

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ನಾನು ಇಟ್ಟುಕೊಂಡಿದ್ದೇನೆ. ಸಾರ್ ಮೇಲಿನದು ಅವರು ಮುದುಕರಾಗಿ ಕೋಲು ಹಿಡಿದು ಓಡಾಡುವಾಗ ಅರ್ಧ ಕರಗಿತು, ಅಮ್ಮನ ಮೇಲಿನದು ಅಮ್ಮನ ಜೊತೆ ಹೋಯಿತು. ಆಂಟಿಯ ಮೇಲಿನದು ಹಾಗೇ ಇದೆ. ಬದುಕಬಹುದಾಗಿತ್ತು ಅವರು. ಒಂದು ‘ಹೌದು’ ಅಂದಿದ್ದರೆ ಸಾಕಿತ್ತು. ಜೀವಕ್ಕಿಂತ ಅವರಿಗೆ ಆ ಎರಡು ಚಮಚದ ಮಾನವೇ ದೊಡ್ಡದಾಯಿತು. ಸಿಟ್ಟು ಬಂದಾಗಲೆಲ್ಲ ಅವರ ನಗು ಬೇರೆ ನೆನಪಾಗುತ್ತದೆ, ಹಾಳಾದ್ದು...

"ದೊಡ್ಡಮ್ಮ, ಎಲ್ಲಿ ಕಳೆದುಹೋದೆ?"

ತಂಗಿಯ ಮಗಳು ಕರೀ ಬಿಯರಿನ ದೊಡ್ಡ ಗ್ಲಾಸು ತರಿಸಿಕೊಂಡಿದ್ದಳು, ಅದು ಆಗಲೇ ಖಾಲಿಯಾಗಿತ್ತು. ಕೆನ್ನೆ ಕೆಂಪಾಗಿತ್ತು, ಅದೇ ಮಧ್ಯಾಹ್ನದ ಕೆಂಪು. ಇನ್ನೊಂದು ತರಲು ಹೇಳಲೆಂದು ಅವಳು ಕೈಯೆತ್ತಿದಳು. ನನ್ನ ಬಾಯಿಂದ ತಾನಾಗಿಯೇ ಬಂತು, "ಸಾಕು ಕಣೆ. ಸ್ಟ್ರಾಂಗಿದೆ ಅದು."

"ಹೌದಲ್ವಾ? ಸರಿ ಬಿಡು" ಎಂದು ಕೈ ಇಳಿಸಿ, "ಅಣ್ಣಾ, ಒಂದು ಲೈಮ್ ಸೋಡಾ" ಎಂದು ಕೂಗಿದಳು. ಅವಳಿಗೆ ಬೇಸರವೂ ಆಗಲಿಲ್ಲ, ಅವಮಾನವೂ ಆಗಲಿಲ್ಲ. ಮರುಕ್ಷಣವೇ ತನ್ನ ಆಫೀಸಿನ ಯಾವುದೋ ಕಥೆ ಹೇಳತೊಡಗಿದಳು.

ನಾನು ಹೂಂಗುಟ್ಟುತ್ತ ಕೂತೆ. ಸಾಕು ಅನ್ನುವುದು ಇಷ್ಟೇ ಮಾತು. ಅಷ್ಟು ದೊಡ್ಡ ಬೀದಿಯಲ್ಲಿ ಆಂಟಿಗೆ ಅದನ್ನು ಹೇಳುವವರು ಒಬ್ಬರೂ ಇರಲಿಲ್ಲ, ನಾನು ಡಾಕ್ಟರ ಎದುರು ಬಾಯಿಬಿಟ್ಟಾಗ ಅವರೇ ಅಲ್ಲಗಳೆದರು. ಬಿಲ್ಲು ತಂದವನು ನನ್ನ ಪುಟ್ಟ ಗ್ಲಾಸನ್ನು ತೋರಿಸಿ "ಇದನ್ನ ತಗೊಂಡು ಹೋಗ್ಲಾ ಮೇಡಂ?" ಎಂದ. ತಳದಲ್ಲಿ ಇನ್ನೊಂದೆರಡು ಚಮಚದಷ್ಟು ಉಳಿದಿತ್ತು. ತಗೊಂಡು ಹೋಗಪ್ಪ ಅಂದೆ.