ನಿದ್ದೆಗಣ್ಣನ ಲಾರಿಗೆ ಬಂದ ಕಣ್ಣು

ನಮ್ಮ ಭಾವನ ಕಣ್ಣು ಹುಟ್ಟಾ ಸಣ್ಣವು. ಎದ್ದಿದ್ದರೂ ತೂಕಡಿಸುವಂತೆ ಕಾಣುತ್ತಾರೆ. ಮೊದಲ ಸಲ ಮನೆಗೆ ಬಂದಾಗ ನಮ್ಮಪ್ಪ, "ಅಳಿಯಂದ್ರನ್ನ ಎಬ್ಬಿಸ್ರೋ" ಅಂದಿದ್ದರು. ಲಾರಿ ಶೆಡ್ಡಿನಲ್ಲಿ ಅವರಿಗೆ ನಿದ್ದೆಗಣ್ಣ ಎಂದೇ ಹೆಸರು. ಆದರೆ ಕೂದಲು ನರೆಯುವವರೆಗೆ ಲಾರಿ ಓಡಿಸಿ ಒಂದು ಕೋಳಿಯನ್ನೂ ತುಳಿದವರಲ್ಲ. ಲಾರಿಯ ಬ್ರೇಕು ಮಾತ್ರ ಹೇಳಿದ್ದನ್ನು ನಿಧಾನಕ್ಕೆ ಕೇಳುವ ಜಾತಿ. ಅದಕ್ಕೇ ನಿಲ್ಲಿಸಿದಲ್ಲೆಲ್ಲ ಇಳಿದು ಚಕ್ರಕ್ಕೊಂದು ಕಲ್ಲು ಕೊಡುತ್ತಾರೆ. ಕಲ್ಲಿನ ವಾಸ ಸೀಟಿನಡಿಯಲ್ಲೇ.

ಲಾರಿಗಳು ಅಪಾಯವಿಲ್ಲದೆ ಓಡಲಿ, ಹೆಚ್ಚು ಸರಕನ್ನೂ ಸಾಗಿಸಲಿ ಎಂದು ಸರ್ಕಾರ ಹಣ ಕೊಟ್ಟಿತು. ಅದೇ ಶೆಡ್ಡಿನಲ್ಲಿ ಟೈರು ಬಿಚ್ಚುವ ನಾನು, "ಬ್ರೇಕು ಮಾಡಿಸ್ರೀ ಸಾಹುಕಾರ್ರೇ" ಅಂದೆ.

"ಹೊಸ ಸಾಮಾನಿಗೆ ಮಾತ್ರ ಕೊಡ್ತಾರಂತೆ ಕಣಯ್ಯ. ಬ್ರೇಕು ಹಳೇದಲ್ವಾ?" ಅಂದ ಮಾಲೀಕ.

ಡ್ರೈವರ್ ಕಣ್ಣು ಮುಚ್ಚಿದರೆ ಕಿರುಚುವ ಕ್ಯಾಮೆರಾ ಬಂತು. ಭಾವ ಸೀಟಿಗೆ ಕೂತದ್ದೇ ತಡ, ಕೀಲಿ ತಿರುಗಿಸುವ ಮೊದಲೇ ಅದು ಬಾಯಿ ಬಡಿದುಕೊಂಡಿತು.

"ನಾನು ಎದ್ದೇ ಇದೀನಿ ಸಾಹುಕಾರ್ರೇ!"

"ಸರ್ಕಾರದ ಮಿಷನ್ನು ಸುಳ್ಳು ಹೇಳುತ್ತಾ? ಸೋಮವಾರ ಇದನ್ನ ಪಾಸು ಮಾಡೋಕೆ ಸರ್ಕಾರಿ ಸಾಹೇಬ್ರು ಬರ್ತಾರೆ. ಅವತ್ತೂ ಕಿರುಚಿದ್ರೆ ಬೇರೆ ಡ್ರೈವರ್ ನೋಡ್ಕೋತೀನಿ."

ನನಗೆ ಪಿತ್ತ ನೆತ್ತಿಗೇರಿತು. ಕೈಲಿದ್ದ ಸ್ಪಾನರ್ ಬೀಸಿ ಎಸೆದೆ. ನನ್ನ ಕಾಲ ಮೇಲೇ ಬಿತ್ತು.

ಭಾವ ಮನೆಯಲ್ಲಿ ಕನ್ನಡಿ ಮುಂದೆ ಕೂತು ಕಣ್ಣರಳಿಸುವುದನ್ನು ಕಲಿತರು. "ರೀ, ಈ ಕಡೆ ತಿರುಗಬೇಡಿ, ಹೆದರಿಕೆ ಆಗುತ್ತೆ" ಅಂದಳು ಅಕ್ಕ.

"ಅಂತೂ ನನಗೂ ಹೆದರಿದೆಯಲ್ಲೇ!" ಎಂದು ಭಾವ ಇನ್ನಷ್ಟು ಅರಳಿಸಿದರು.

ಸೋಮವಾರ ಸಾಹೇಬರು ಪಕ್ಕದ ಸೀಟಿಗೆ ಹತ್ತಿದರು. ಭಾವ ಗೂಬೆಯಂತೆ ಕಣ್ಣು ಬಿಟ್ಟುಕೊಂಡು ಅಂಗಳದಲ್ಲಿ ಸುತ್ತು ಹೊಡೆದರು. ಕ್ಯಾಮೆರಾ ಉಸಿರೆತ್ತಲಿಲ್ಲ. ಗೇಟಿನ ಹತ್ತಿರ ಸಾಹೇಬರು, "ಸಾಕು, ನಿಲ್ಸಪ್ಪ" ಅಂದರು. ಭಾವ ಬ್ರೇಕು ತುಳಿದರು. ಬ್ರೇಕು ಯೋಚನೆ ಮಾಡಿತು. ಅಷ್ಟರಲ್ಲಿ ಲಾರಿ ಗೇಟಿನ ಕಂಬವನ್ನು ಮಲಗಿಸಿತು.

ಭಾವನ ಕೆಲಸಕ್ಕೆ ಎಳ್ಳುನೀರು ಬಿಟ್ಟಂತೆಯೇ ಅಂದುಕೊಂಡು ಓಡಿದೆ. ಸಾಹೇಬರು ಬೆವರೊರೆಸುತ್ತ ಕ್ಯಾಮೆರಾದ ಚಿತ್ರ ನೋಡುತ್ತಿದ್ದರು.

"ಗುದ್ದುವಾಗ್ಲೂ ಕಣ್ಣು ಪೂರ್ತಿ ತೆರೆದಿದೆ ನೋಡಿ! ಡ್ರೈವರ್ ತಪ್ಪಿಲ್ಲ. ಮಿಷನ್ನೂ ಪಾಸು."

"ಹಂಗಾದ್ರೆ ತಪ್ಪು ಯಾರದ್ದು ಸಾರ್?" ಎಂದು ಗದರಿಯೇ ಕೇಳಿದೆ.

ಸಾಹೇಬರು ಬಿದ್ದ ಕಂಬವನ್ನು ಸಿಟ್ಟಿನಿಂದ ನೋಡಿದರು.

ಗೇಟು ಅಗಲ ಮಾಡಲು ಹಣ ಬಂತು. ಹೊಸ ಗೇಟು ಹೊಸ ಸಾಮಾನೇ ತಾನೆ! ಭಾವನ ಸೀಟೂ ಉಳಿಯಿತು. ಈಗಲೂ ದಾರಿಯುದ್ದಕ್ಕೂ ಹುಬ್ಬು ಹಣೆಗೇರಿಸಿಕೊಂಡೇ ಓಡಿಸುತ್ತಾರೆ. ಲಾರಿ ನಿಂತ ಮೇಲೆ ಇಳಿದು, ಚಕ್ರಕ್ಕೆ ಕಲ್ಲು ಕೊಟ್ಟು, ಅದರ ಪಕ್ಕದಲ್ಲೇ ಕೂತು ಕಣ್ಣಿಗೆ ರಜೆ ಕೊಡುತ್ತಾರೆ.