ರವೆ ಅಲುಗದ ಪ್ರಯೋಗ

ಭೌತಶಾಸ್ತ್ರದ ಪ್ರೇಮಲೀಲಾಗೆ ದೇವರ ಮೇಲೆ ಸಿಟ್ಟೇನೂ ಇರಲಿಲ್ಲ; ಪ್ರಯೋಗಶಾಲೆಯೊಳಗೆ ಅವನಿಗೆ ಪ್ರವೇಶವಿರಲಿಲ್ಲ, ಅಷ್ಟೆ. ೧೯೫೬ರ ಆಯುಧಪೂಜೆಗೆ ಅಟೆಂಡರ್ ಜವರಯ್ಯ ಬೂದುಗುಂಬಳಕಾಯಿ ಹೊತ್ತು ಬಂದಾಗ, "ಇದು ಕಾಲೇಜು ಕಣ್ರೀ, ಲಾರಿ ಸ್ಟ್ಯಾಂಡಲ್ಲ" ಎಂದು ಬಾಗಿಲಿಂದಲೇ ಅಟ್ಟಿದ್ದಳು.

ದಸರಾ ರಜೆ ಮುಗಿಯಿತು. ವಿದ್ಯಾರಣ್ಯಪುರದಿಂದ ದಿನಾ ನಡೆದು ಬಂದು ಪಾಠ ಹೇಳುವ ಅವಳ ಕೆಲಸ ವರ್ಷ ವರ್ಷವೂ ಹಂಗಾಮಿಯೇ. ಅಂದು ಶಿಕ್ಷಣ ಇಲಾಖೆಯ ಕೃಷ್ಣಸ್ವಾಮಿಗಳು ಪಾಠ ನೋಡಲು ಬರುವವರಿದ್ದರು. ಅವರು ಮೆಚ್ಚಿದರೆ ಕಾಯಂ, ಇಲ್ಲದಿದ್ದರೆ ಮನೆ.

ಗಾಜಿನ ತಟ್ಟೆಯಲ್ಲಿ ಹರಳೆಣ್ಣೆ, ಅದರ ಮೇಲೆ ಉದುರಿಸಿದ ಚಿರೋಟಿ ರವೆ. ವಿದ್ಯುತ್ತು ಹರಿಯಗೊಡದ ಎಬೊನೈಟ್ ಕಡ್ಡಿಯ ಎರಡು ತುದಿಗೂ ಎಣ್ಣೆ ಮುಟ್ಟುವಂತೆ ಒಂದೊಂದು ಹಿತ್ತಾಳೆ ಗುಂಡು. ಗುಂಡುಗಳಿಗೆ ತಂತಿ ಬಿಗಿದ ವಿದ್ಯುತ್ ಯಂತ್ರದ ಹಿಡಿ ತಿರುಗಿಸಿದರೆ ಒಂದಕ್ಕೆ ಧನ ವಿದ್ಯುತ್ತು, ಇನ್ನೊಂದಕ್ಕೆ ಅಷ್ಟೇ ಋಣ ವಿದ್ಯುತ್ತು. ಆಗ ರವೆ ಇಲ್ಲಿಂದ ಅಲ್ಲಿಗೆ ಬಿಲ್ಲಿನಂತೆ ಬಾಗಿ ಸಾಲು ಕಟ್ಟಬೇಕು.

ಯಾರೂ ಇನ್ನೂ ಬಂದಿರಲಿಲ್ಲ. ಪ್ರೇಮಲೀಲಾ ಮನೆಯಿಂದ ಸೆರಗಿನ ಗಂಟಿನಲ್ಲಿ ತಂದಿದ್ದ ವಿಭೂತಿಯನ್ನು ಪಾಠ ಕೆಡದಿರಲೆಂದು ಕದ್ದುಮುಚ್ಚಿ ನೀರಲ್ಲಿ ಕಲಸಿ, ಕಡ್ಡಿಯ ಮೇಲೆ ಈ ಗುಂಡಿನಿಂದ ಆ ಗುಂಡಿನವರೆಗೂ ಮೂರು ಬೆರಳಲ್ಲಿ ಎಳೆದೇಬಿಟ್ಟಳು.

ಹುಡುಗಿಯರು ಕೂತರು. ಕೃಷ್ಣಸ್ವಾಮಿಗಳು ಬಂದವರೇ ಕೇಳಿದರು: "ಎರಡರ ನಟ್ಟನಡುವೆ ವಿಭವ, ಅಂದ್ರೆ ಪೊಟೆನ್ಶಿಯಲ್, ಸೊನ್ನೆ ಅಂತೀರಿ. ಹಾಗಾದ್ರೆ ಅಲ್ಲಿ ಎಳೆತವೂ ಸೊನ್ನೆ ಅಲ್ವೇನಮ್ಮ?"

"ಅಲ್ಲ ಸಾರ್. ನಡುವಿನ ರವೆಯೂ ಸಾಲಲ್ಲೇ ನಿಲ್ಲುತ್ತೆ, ನೋಡಿ."

ಜವರಯ್ಯ ಬೆವರು ಕಿತ್ತುಬರುವಂತೆ ಹಿಡಿ ತಿರುಗಿಸಿದ. ರವೆ ಮಾತ್ರ ಉಪ್ಪಿಟ್ಟಿಗೆ ಕಾದಂತೆ ಸುಮ್ಮನೆ ಬಿದ್ದಿತ್ತು.

"ಥಂಡಿ ಹವಾ ಸ್ವಾಮಿ, ಕರೆಂಟು ನಿಲ್ಲಾಕಿಲ್ಲ," ಎಂದ ಜವರಯ್ಯ.

ಹೌದೆಂದುಬಿಟ್ಟಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಪ್ರೇಮಲೀಲಾಳ ಕಣ್ಣು ಕಡ್ಡಿಯ ಮೇಲೆ ಬಿದ್ದಿತ್ತು. ಅವಳಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

"ಹವಾ ಅಲ್ಲ ಸಾರ್. ನಾನೇ ವಿಭೂತಿ ಹಚ್ಚಿದೆ. ಆ ಒದ್ದೆಯಲ್ಲಿ ಧನವೂ ಋಣವೂ ಹರಿದು ಸೇರಿಕೊಂಡು ಎರಡೂ ಇಲ್ಲವಾಗ್ತಿವೆ."

"ನನ್ ಕುಂಬಳಕಾಯಿ ಓಡ್ಸ್‌ಬುಟ್ರಲ್ಲ ಮೇಡಮ್ಮೋರೆ!" ಜವರಯ್ಯ ಅಂದದ್ದಕ್ಕೆ ಹುಡುಗಿಯರು ಗೊಳ್ಳೆಂದರು.

"ವಿಜ್ಞಾನದ ಕೋಣೇಲಿ ಮೂಢನಂಬಿಕೆಯೇ!" ಕೃಷ್ಣಸ್ವಾಮಿಗಳು ಗುಡುಗಿ, ತಾವೇ ಎದ್ದು ಬೆರಳಲ್ಲಿ ವಿಭೂತಿ ಬಳಿದು ತೆಗೆದರು. ಪ್ರೇಮಲೀಲಾ ಸೆರಗಿನಿಂದ ಕಡ್ಡಿಯನ್ನು ಒರೆಸಿ ಒಣಗಿಸಿದಳು. ಹಿಡಿ ಮತ್ತೆ ತಿರುಗಿತು. ರವೆ ಎದ್ದಿತು, ಬಾಗಿತು, ಸಾಲುಗಟ್ಟಿತು, ನಟ್ಟನಡುವೆಯೂ ನಿಂತಿತು.

"ಭೇಷ್, ಕಾಯಂ ಮಾಡಿಸ್ತೀನಮ್ಮ. ಇನ್ಮೇಲೆ ಈ ವಿಭೂತಿ ಗಿಭೂತಿ ಎಲ್ಲ ಕೂಡದು!"

"ಆಗಲಿ ಸಾರ್," ಎಂದ ಪ್ರೇಮಲೀಲಾಗೆ ನಗು ತಡೆಯುವುದೇ ದೊಡ್ಡ ಪರೀಕ್ಷೆಯಾಯಿತು. ವಿಭೂತಿ ಮೆತ್ತಿದ ಕೃಷ್ಣಸ್ವಾಮಿಗಳ ಕೈ ಅಭ್ಯಾಸಬಲದಿಂದ ತಾನಾಗಿ ಮೇಲೆ ಹೋಗಿ, ಅವರದೇ ಹಣೆಯ ತುಂಬ ಮೂರು ಗೆರೆ ಎಳೆದಿತ್ತು.