ರಿಬ್ಬನ್ನಿನ ಕೆಳಗೆ ತಿಪ್ಪವ್ವ

ನಮ್ಮ ನರೇಗಲ್ಲಿನ ತಿಪ್ಪವ್ವ ಚಪ್ಪಲಿ ಹಾಕಿಕೊಳ್ಳುವುದು ಕೈಗೆ. ಮೂರನೆಯ ವಯಸ್ಸಿನಲ್ಲಿ ಪೋಲಿಯೋ ಬಂದು ಎರಡೂ ಕಾಲು ಸೋತವು. ಅಂದಿನಿಂದ ಎರಡು ಅಂಗೈಗೆ ಎರಡು ಹವಾಯಿ ಚಪ್ಪಲಿ ಸಿಕ್ಕಿಸಿ, ಕೈಯೂರಿ, ಮೈಯನ್ನು ಮುಂದಕ್ಕೆ ಎಳೆದುಕೊಂಡು ನಡೆಯುತ್ತಾಳೆ. ನಡೆಯುತ್ತಾಳೆ ಎಂದೇ ಬರೆಯುತ್ತೇನೆ. ತೆವಳುತ್ತಾಳೆ ಅನ್ನುವವನ ಅಂಗಿ ನಾನು ಹೊಲಿಯುವುದಿಲ್ಲ. ನಾನು ಅವಳ ಓಣಿಯ ದರ್ಜಿ ಇಲಿಯಾಸ. ನನ್ನ ಅಂಗಡಿಯ ಚಿಂದಿಯೆಲ್ಲ ಅವಳ ಮನೆ ಸೇರಿ ಹೊದೆಯುವ ಕೌದಿಯಾಗುತ್ತದೆ. ಐವತ್ತಕ್ಕೆ ಹತ್ತಿರವಾದ ಈ ಹೆಂಗಸು ತಾನೇ ಬಸ್ಸಿನ ಮೆಟ್ಟಿಲು ಹತ್ತಿ ಗಜೇಂದ್ರಗಡದ ಸಂತೆಗೆ ಕೌದಿ ಮಾರಲು ಹೋಗಿಬರುತ್ತಾಳೆ.

ಊರಾಚೆ ಒಂದು ಹಳೆಯ ಗುಡಿಯಿದೆ. ಅದರ ಹೆಸರು ಹೇಳುವುದಿಲ್ಲ, ಹೇಳಿದರೆ ಪ್ರವಾಸೋದ್ಯಮ ಇಲಾಖೆಯವರು ಬಂದು ಅಲ್ಲಿ ಇನ್ನೂ ಏನಾದರೂ ಕಟ್ಟಿಯಾರು. ತಿಪ್ಪವ್ವನ ತಾಯಿ ಅಲ್ಲಿ ಕಸ ಗುಡಿಸುತ್ತಿದ್ದಳು. ಕೆಲಸಕ್ಕೆ ಬಂದವಳು ಕೂಸನ್ನು ಒಳಗೆ ತರಕೂಡದು ಎಂದು ಆಗಿನ ಕಾವಲುಗಾರನ ಅಪ್ಪಣೆ. ಹಾಗಾಗಿ ಮಗಳನ್ನು ಹೊರಗೆ ಬೇವಿನ ಮರದ ಕೆಳಗೆ ಗೋಣಿಚೀಲದ ಮೇಲೆ ಕೂರಿಸಿ ಹೋಗುತ್ತಿದ್ದಳು, ಹೊರಬಂದ ಮೇಲೆ ಕಂಡದ್ದನ್ನು ಹೇಳುತ್ತಿದ್ದಳು.

“ಒಳಗ ಒಬ್ಬಾಕಿ ಕಲ್ಲಿನ ಹೆಣ್ಣಮಗಳು ಅದಾಳ. ಒಂದ ಕಾಲ ಮ್ಯಾಲ ನಿಂತು ಇನ್ನೊಂದ ಕಾಲಾಗಿನ ಮುಳ್ಳ ತಗೀತಾಳ. ಮಾರಿ ಥೇಟ್ ನಿನ್ನಂಗ ಐತಿ ನೋಡ.”

ತಾಯಿ ಹೋಗಿ ಹನ್ನೊಂದು ವರ್ಷವಾಯಿತು. ಆ ಮುಖವನ್ನು ಒಮ್ಮೆ ನೋಡಬೇಕು ಎಂಬುದೊಂದೇ ತಿಪ್ಪವ್ವ ನನ್ನೆದುರು ಬಾಯಿಬಿಟ್ಟು ಹೇಳಿಕೊಂಡ ಆಸೆ.

ಎರಡು ಸಲ ಹೋಗಿದ್ದಳು. ಈಗಿನ ಕಾವಲುಗಾರ ಹನಮಪ್ಪ ಮೊದಲ ಸಲ ಚಪ್ಪಲಿ ಬಿಡು ಅಂದ. ಆ ಗುಡಿಯಲ್ಲಿ ಪೂಜೆ ನಿಂತು ಎಷ್ಟೋ ತಲೆಮಾರಾಗಿದೆ, ಚಪ್ಪಲಿಯ ನಿಯಮ ಮಾತ್ರ ನಿಂತಿಲ್ಲ. ಅವಳು ಬಿಟ್ಟಳು. ಒಳಗಿನ ಅಂಗಳದ ಬೇಸಗೆಯ ಕಲ್ಲಿನ ಮೇಲೆ ಬರೀ ಅಂಗೈ ಊರಿ ನಾಲ್ಕು ಮಾರು ಹೋಗುವಷ್ಟರಲ್ಲಿ ಬೊಬ್ಬೆ ಎದ್ದವು, ವಾರಗಟ್ಟಲೆ ಸೂಜಿ ಹಿಡಿಯಲಾಗಲಿಲ್ಲ. ಎರಡನೆಯ ಸಲ ಕೈಗೆ ಚಿಂದಿ ಸುತ್ತಿಕೊಂಡು ಹೋದಳು. “ಹಿಂಗ ತೆವಳಕೊಂತ ಒಳಗ ಹ್ವಾದ್ರ ಹೊರಗಿನ ಮಂದಿ ಏನ ಅಂದಾರು?” ಎಂದು ತಿರುಗಿ ಕಳಿಸಿದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿಯ ಕೊರತೆಯನ್ನು ಹನಮಪ್ಪ ತುಂಬಿದ್ದ.

ಹೋದ ವರ್ಷ ಆ ಗುಡಿಯನ್ನು ದಿವ್ಯಾಂಗಸ್ನೇಹಿ ಪ್ರವಾಸಿ ತಾಣ ಮಾಡುತ್ತೇವೆಂದು ಇಲಾಖೆಯವರು ಬಂದರು. ಹಾಲೇಶ ಎಂಬ ಇಂಜಿನಿಯರು ಮುಂದೆ ನಿಂತು ಆರು ತಿಂಗಳು ಇಳಿಜಾರು ಕಟ್ಟಿಸಿದ. ಇದ್ದ ಮೆಟ್ಟಿಲ ಪಕ್ಕದಲ್ಲಿ, ಮೆಟ್ಟಿಲಿನಷ್ಟೇ ಕಡಿದಾಗಿ ಸಿಮೆಂಟು ಬಳಿದಿದ್ದರು. ಅಲ್ಲಿಗೆಂದು ತರಿಸಿದ ಗಾಲಿಕುರ್ಚಿಯನ್ನು ಖಾಲಿಯಾಗಿಯೇ ಮೇಲಕ್ಕೆ ತಳ್ಳಲು ಇಬ್ಬರು ಗಟ್ಟಿಮುಟ್ಟಾದ ಆಳು ಬೇಕಾದರು. ಆಮೇಲೆ ಆ ಕುರ್ಚಿಯನ್ನು ಪ್ಲಾಸ್ಟಿಕ್ಕು ಕೂಡ ಬಿಚ್ಚದೆ ಕೋಣೆಯಲ್ಲಿಟ್ಟು ಬೀಗ ಹಾಕಿದರು, ಕೀಲಿ ರೋಣದಲ್ಲಿರುವ ಗುಮಾಸ್ತನ ಕಿಸೆಗೆ ಹೋಯಿತು. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅನ್ನುತ್ತಾರಲ್ಲ, ಹಾಗೆ. ನಾನು ಎರಡು ವರ್ಷದ ಮಗುವಿನ ಚಡ್ಡಿ ಹೊಲಿಯುವಾಗಲೂ ಟೇಪು ಹಿಡಿಯುತ್ತೇನೆ. ಈ ಬುದ್ಧಿವಂತರು ಆರು ತಿಂಗಳಲ್ಲಿ ಒಂದು ದಿನ ತಿಪ್ಪವ್ವನನ್ನು ಕರೆದು, ‘ನಿನಗ ಏನ ಬೇಕವ್ವ?’ ಎಂದು ಕೇಳಲಿಲ್ಲ. ಕೇಳಿದ್ದರೆ ಅಂಗೈಯಗಲದ ಬಟ್ಟೆ ಮತ್ತು ಹನಮಪ್ಪನಿಗೊಂದು ಮಾತು, ಇಷ್ಟರಲ್ಲೇ ಮುಗಿಯುತ್ತಿತ್ತು.

ಉದ್ಘಾಟನೆಯ ಕಾರ್ಡಿನಲ್ಲಿ ಮಾತ್ರ ಅವಳ ಹೆಸರು ಬಂತು: ‘ಪ್ರಥಮ ಪ್ರವಾಸಿ, ಶ್ರೀಮತಿ ತಿಪ್ಪವ್ವ’. ಮದುವೆಯಾಗದವಳ ಮದುವೆಯನ್ನೂ ಇಲಾಖೆಯೇ ಮಾಡಿಸಿಬಿಟ್ಟಿತ್ತು. ಆದರೂ ಅವಳು ಕಾರ್ಡನ್ನು ನನ್ನ ಕೈಲಿ ಮೂರು ಸಲ ಓದಿಸಿದಳು. “ಈ ಸಲ ಹೊಳ್ಳಿ ಕಳಸಾಕ ಬರೂದಿಲ್ಲ ಅಲ್ಲ ಇಲಿಯಾಸಣ್ಣ?” ಎಂದು ಕೇಳಿದಳು.

ಏಪ್ರಿಲ್ ತಿಂಗಳು, ಹತ್ತು ಗಂಟೆಯ ಸಮಾರಂಭ. ಹನ್ನೆರಡಾದರೂ ಮುಖ್ಯ ಅತಿಥಿಯ ಸುಳಿವಿಲ್ಲ. ಮಂದಿ ಎದ್ದು ಹೋಗಬಾರದೆಂದು ಹಾಲೇಶ ಸನ್ಮಾನ ಶುರು ಮಾಡಿ ತಿಪ್ಪವ್ವನಿಗೆ ಒಂದು ಶಾಲು ಹೊದಿಸಿದ. ಅದು ಎಂಥ ಶಾಲೋ! ನನ್ನ ಮಷಿನ್ನಿನ ಎಣ್ಣೆ ಒರೆಸಲೂ ನಾನು ಅದನ್ನು ಮುಟ್ಟಲಾರೆ. ಅಂಥ ಬಿಸಿಲಲ್ಲಿ ಅದನ್ನು ಹೊದ್ದು ಅವಳು ಬೆವೆತು ಕುಳಿತಳು, ಫೋಟೋದವರು ನಗು ಅಂದಾಗ ನಕ್ಕಳು.

ಇಳಿಜಾರು, ಮೆಟ್ಟಿಲು ಎರಡರ ಬುಡಕ್ಕೂ ಅಡ್ಡವಾಗಿ ರಿಬ್ಬನ್ ಕಟ್ಟಿದ್ದರು, ನಿಂತ ಗಂಡಸಿನ ಎದೆಯ ಮಟ್ಟಕ್ಕೆ. ತಿಪ್ಪವ್ವ ಅದನ್ನು ಕತ್ತೆತ್ತಿ ನೋಡಿದಳು. ನನ್ನನ್ನೂ ಒಮ್ಮೆ ನೋಡಿದಳು. ಆಮೇಲೆ ಕೈಗೆ ಚಪ್ಪಲಿ ಸಿಕ್ಕಿಸಿಕೊಂಡು ರಿಬ್ಬನ್ನಿನ ಕೆಳಗಿಂದಲೇ ಆಚೆ ದಾಟಿ, ಇಳಿಜಾರನ್ನು ಬಿಟ್ಟು ಪಕ್ಕದ ಮೆಟ್ಟಿಲು ಹತ್ತತೊಡಗಿದಳು. ರಿಬ್ಬನ್ ಅಲುಗಾಡಲೂ ಇಲ್ಲ.

“ಏ ಏ! ಇನ್ನೂ ಉದ್ಘಾಟನಿ ಆಗಿಲ್ಲ!” ಎಂದು ಹಾಲೇಶ ಕೂಗಿದ.

“ಆಗ್ಲಿ ಬಿಡ್ರಿ ಸಾಹೇಬ್ರ, ನಾ ಏನ್ ಬ್ಯಾಡ ಅಂದೀನೇನ?” ಅಂದಳು, ತಿರುಗಲಿಲ್ಲ.

ಮೇಲೆ ಬಾಗಿಲಲ್ಲಿ ಹನಮಪ್ಪ. ಕಾರ್ಡಿನಲ್ಲಿ ಹೆಸರಿದ್ದವಳನ್ನು ತಡೆಯಲು ಅವನಿಗೆ ಉಳಿದದ್ದು ಒಂದೇ ನೆವ. “ಕೈಯಾಗಿನ ಚಪ್ಪಲಿ?” ಅಂದ.

“ಬಿಡತೀನಣ್ಣ. ಹಿಡ್ಕೋ,” ಎಂದು ಎರಡನ್ನೂ ಬಿಚ್ಚಿ ಅವನ ಕೈಗೇ ಕೊಟ್ಟಳು. ಅವನು ತಬ್ಬಿಬ್ಬಾಗಿ ಹಿಡಿದುಕೊಂಡ. ಅವಳು ಹೆಗಲ ಮೇಲಿನ ಶಾಲು ತೆಗೆದು, ಅಂಚನ್ನು ಹಲ್ಲಿನಿಂದ ಕಚ್ಚಿ ಪರ್ರನೆ ಸೀಳಿದಳು. ಕೌದಿಯವಳ ಕೈ, ಅಂಗೈಗೆ ಎಷ್ಟು ಪದರ ಬೇಕೆಂದು ಅವಳಿಗೆ ಗೊತ್ತು. ನಾಲ್ಕು ಮಡಿಕೆ ಮಾಡಿ ಎರಡೂ ಕೈಗೆ ಸುತ್ತಿ ಗಂಟು ಬಿಗಿದು, ಎತ್ತರದ ಹೊಸ್ತಿಲನ್ನು ಒಂದೇ ಉಸಿರಿಗೆ ದಾಟಿದಳು. ನಾನೂ ಚಪ್ಪಲಿ ಬಿಟ್ಟು ಹಿಂದೆ ಓಡಿದೆ, ಅಂಗಾಲು ಚುರುಗುಟ್ಟಿದವು.

ಕಲ್ಲಿನ ಹೆಣ್ಣು ಮೂಲೆಯ ಕಂಬದ ಮೇಲಿದ್ದಳು. ತಿಪ್ಪವ್ವ ಕೆಳಗೆ ಕುಳಿತು ಬಹಳ ಹೊತ್ತು ನೋಡಿದಳು. ನನಗೆ ಅಳು ಬಂತು, ನಾಚಿಕೆಯೇನಿಲ್ಲ.

“ಅವ್ವ ಸುಳ್ಳ ಹೇಳ್ಯಾಳ ಇಲಿಯಾಸಣ್ಣ,” ಅಂದಳು ಕಡೆಗೆ. “ಈಕಿ ನನಗಿಂತ ಭಾಳ ಚಂದ ಅದಾಳ.” ಅವಳು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ನಾವು ಹೊರಬಂದು ಕೆಳಗಿಳಿಯುವ ಹೊತ್ತಿಗೆ ಮುಖ್ಯ ಅತಿಥಿ ಬಂದು ರಿಬ್ಬನ್ ಕತ್ತರಿಸಿ ಆಗಿತ್ತು. ಬಿಳಿ ಬಟ್ಟೆ, ಹೊಳೆಯುವ ಚರ್ಮದ ಚಪ್ಪಲಿ. ಹಾಲೇಶ ಬೆವರು ಒರೆಸಿಕೊಳ್ಳುತ್ತ ತಿಪ್ಪವ್ವನ ಹತ್ತಿರ ಬಗ್ಗಿದ. “ಅವ್ವಾರ, ಸಾಹೇಬ್ರ ಹಿಂದ ಇನ್ನೊಮ್ಮಿ ಮ್ಯಾಲ ಹೋಗ್ರಿ. ಫೋಟೋ ಬೇಕ್ರಿ.”

“ನಾ ನೋಡಿ ಬಂದೀನ್ರಿ. ಇನ್ನ ಸಾಹೇಬ್ರ ಪಾಳಿ,” ಅಂದಳು ತಿಪ್ಪವ್ವ ಎಲ್ಲರಿಗೂ ಕೇಳುವಂತೆ. “ಆದ್ರ ಚಪ್ಪಲಿ ಇಲ್ಲೇ ಬಿಟ್ಟ ಹೋಗ್ರಿ ಸಾಹೇಬ್ರ. ಹನಮಪ್ಪಣ್ಣ ಯಾರನ್ನೂ ಬಿಡೂದಿಲ್ಲ. ನೋಡ್ರಿ, ನನ್ನವು ಅವನ ಕೈಯಾಗ ಅದಾವ.”

ಇಡೀ ಮಂದಿ ಹನಮಪ್ಪನ ಕಡೆ ನೋಡಿತು. ಅವನು ಅವಳ ಹವಾಯಿ ಚಪ್ಪಲಿಗಳನ್ನು ಎದೆಗವಚಿಕೊಂಡು ಹೌದೆಂದು ತಲೆಯಾಡಿಸಿದ. ಬೇರೆ ದಾರಿ ಕಾಣದೆ ಅತಿಥಿ ಚಪ್ಪಲಿ ಬಿಟ್ಟು ಇಳಿಜಾರಿನ ಮೇಲೆ ಬರಿಗಾಲಿಟ್ಟರು. ಕಾದ ಸಿಮೆಂಟು. ಒಂದು, ಎರಡು, ಮೂರು ಹೆಜ್ಜೆಗೆ ಕುಣಿಯತೊಡಗಿದರು, ಐದನೆಯದಕ್ಕೆ “ಅಯ್ಯಯ್ಯೋ, ಸುಡತೈತೋ!” ಎಂದು ತಿರುಗಿ ಓಡಿಬಂದರು.

ತಿಪ್ಪವ್ವ ಅಂಗೈಯ ಗಂಟು ಬಿಚ್ಚಿ ಆ ಎರಡು ಚೂರುಗಳನ್ನು ಕೊಡವಿ ಅವರ ಮುಂದೆ ಹಿಡಿದಳು.

“ಕಟ್ಕೊಂಡ ಹೋಗ್ರಿ, ಸಾಹೇಬ್ರ. ನಿಮ್ಮವರು ಹೊದಿಸಿದ್ದ ಶಾಲ್ರಿ ಇದು.”